ಅಡವಿನ ಚೀಟಿ

ಕಾಳಿ ಇಳಿದಿದ್ದಾಳೆ. ಸೇತುವೆಯ ಕಂಬಗಳಿಗೆ
ಆಳೆತ್ತರದವರೆಗೂ ಪಾಚಿಯ ಗೆರೆ.
ಕೋಡಿಬಾಗದ ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು
ಬಳಚು ಹೆಕ್ಕುತ್ತೇನೆ.
ಬಗ್ಗಿದಾಗಲೆಲ್ಲ ಕೊರಳಿನ ಸರ ಜೋತು ನೀರು ಮುಟ್ಟುತ್ತದೆ,
ಎದ್ದಾಗ ಎದೆಗೆ ತಣ್ಣಗೆ ತಾಗುತ್ತದೆ.

ಇದು ನನ್ನ ಮದುವೆಯ ಸರವೇ.
ಆದರೆ ನಾನು ಬಿಡಿಸಿದ್ದಲ್ಲ.

ಸಾಂತಾನನ ದೋಣಿಯ ಇಂಜಿನು ಬೈತಖೋಲದಾಚೆ
ಕೆಟ್ಟು ನಿಂತ ವರ್ಷ ಸೊಸೈಟಿಯಲ್ಲಿ ಇಟ್ಟೆ,
ಹದಿನಾಲ್ಕು ಗ್ರಾಂ, ಕೊಂಡಿ ಸೇರಿ.
ಬಡ್ಡಿ ಎನ್ನುವುದು ಭರತದ ಹಾಗೆ,
ಏರುವಾಗ ಸದ್ದಿಲ್ಲ, ಹೊಸಿಲಿಗೆ ಬಂದ ಮೇಲೆ ಗೊತ್ತು.
ಮೊದಲ ನೋಟೀಸು ಒಲೆಗೆ ಹಾಕಿದೆ.
ಎರಡನೆಯದನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟೆ.
ಮೂರನೆಯದು ಬರಲಿಲ್ಲ.
ಗುಮಾಸ್ತ ತಳೇಕರ ಕರೆದು, ಕನ್ನಡಕ ಹಣೆಗೇರಿಸಿ,
ನಿಮ್ಮದು ಬಿಟ್ಟಿತು ಬಾಯಿ, ಸಹಿ ಹಾಕಿ, ಎಂದ.
ಕಟ್ಟಿದ್ದು ಯಾರು?
ಹೇಳಬಾರದಂತೆ.

ಬೇಡಿಕೊಂಡಿದ್ದೆನಲ್ಲ, ದೇವರೇ ಕಟ್ಟಿರಬೇಕೆಂದು
ಆ ಭಾನುವಾರ ಐದು ರೂಪಾಯಿಯ ಮೇಣದಬತ್ತಿ ಹಚ್ಚಿ
ಲೆಕ್ಕ ಚುಕ್ತಾ ಎಂದುಕೊಂಡೆ.
ಅಷ್ಟು ಅಗ್ಗವಾಗಿತ್ತು ನನ್ನ ಉಪಕಾರಸ್ಮರಣೆ.

ಇನಾಸಿನ್ ಮಾವಶಿಯ ಕೈ ಬರಿದಾದದ್ದು ಕಂಡಿದ್ದೆ.
ಗಂಟುನೋವು, ಬಳೆ ಒತ್ತುತ್ತದೆ, ಎಂದಿದ್ದಳು ಅವಳೇ.
ನಂಬುವುದು ಸುಲಭವಿತ್ತು.
ವರ್ಷ ಕಳೆದು ಸೊಸೈಟಿಯ ಗೋಡೆಗೆ ಅಂಟಿದ್ದ
ಹರಾಜಾದ ಒಡವೆಗಳ ಪಟ್ಟಿಯಲ್ಲಿ ಓದಿದೆ:
ಬಳೆ, ಎರಡು, ಹಳೆಯ ಕೆತ್ತನೆ, ಇನಾಸಿನ್ ರೊಜಾರ್ ಪೆರೇರ.
ಅವು ಅಡವು ಬಿದ್ದ ತಾರೀಖೇ ನನ್ನ ಸರ ಬಿಟ್ಟ ತಾರೀಖು.
ಅದೇ ಕಪಾಟಿನ ಕತ್ತಲಿಂದ ನನ್ನದು ಹೊರಬಂದಾಗ
ಅವಳದ್ದು ಒಳಹೋಗಿತ್ತು.

ಓಡಿದೆ. ದಾರಿಯಲ್ಲಿ ಚಪ್ಪಲಿ ಕಿತ್ತದ್ದಷ್ಟೇ ನೆನಪು.
ಅವಳು ಅಂಗಳದಲ್ಲಿ ಒಣಸೀಗಡಿಗೆ ಕಾಗೆ ಕಾಯುತ್ತಿದ್ದಳು.
ಕಾಲು ಹಿಡಿದೆ. ತಿಂಗಳಿಗೆ ಇಷ್ಟಿಷ್ಟೇ ತೀರಿಸುತ್ತೇನೆ ಎಂದೆ.
ಏಳು, ಎಂದಳು. ತೀರಿಸಿದರೆ ಅದು ಸಾಲವಾಗುತ್ತದೆ,
ನಾನು ಸಾಲ ಕೊಟ್ಟಿಲ್ಲ.
ಬಳಚು ಸಿಕ್ಕ ದಿನ ಒಂದು ಬಟ್ಟಲು ಪದಾರ್ಥ ತಾ.
ಕಾಯಿ ಸಣ್ಣಗೆ ಅರೆ, ನಿನ್ನದು ಯಾವಾಗಲೂ ತರಿತರಿ.

ವಿಮೋಚನೆ ಎಂಬ ಶಬ್ದ ಮೊದಲು ನನಗೆ
ಇಗರ್ಜಿಯ ಎತ್ತರದ ಕಿಟಕಿಯಲ್ಲಿನ ಬಣ್ಣದ ಗಾಜು.
ಚಂದ, ಕೈಗೆಟುಕದ್ದು.
ಈಗ ಅದಕ್ಕೊಂದು ಚೀಟಿ ಇದೆ, ತಾರೀಖು ಇದೆ,
ಮುದುಕಿಯ ಮಣಿಕಟ್ಟಿನಲ್ಲಿ ಬಳೆ ಬಿಟ್ಟುಹೋದ ಬಿಳಿ ಗೆರೆ ಇದೆ.
ಶುಭ ಶುಕ್ರವಾರ ಸಾಲಿನಲ್ಲಿ ನಿಂತು ಶಿಲುಬೆಗೆ ಮುತ್ತಿಡುವಾಗ
ನಲವತ್ತು ವರ್ಷದಲ್ಲಿ ಮೊದಲ ಸಲ
ಅವನ ಮಣಿಕಟ್ಟು ನೋಡಿದೆ.

ದಿನವೂ ನೆನೆಯುತ್ತೇನೆಂದಲ್ಲ.
ಮೀನಿನ ದರಕ್ಕೆ ಜಗಳವಾಡುವಾಗ ಮರೆಯುತ್ತೇನೆ,
ಹರಿದ ಬಲೆ ತಂದು ಸಾಂತಾನ ನನ್ನ ಮೇಲೆ ಹಾಯುವಾಗ,
ನೆರೆಮನೆಯ ಲುದುವಿನ್ ಕೊಡಬೇಕಾದ ಮುನ್ನೂರನ್ನು
ಬೀದಿಗೆ ಕೇಳುವಂತೆ ಕೂಗಿ ಕೇಳುವಾಗಂತೂ
ಪೂರ್ತಿ ಮರೆತಿರುತ್ತೇನೆ.
ಆಮೇಲೆ ಯಾವುದಕ್ಕೋ ಬಗ್ಗುತ್ತೇನೆ, ನೆಲ ಒರೆಸಲಿಕ್ಕೆ,
ಒಲೆ ಊದಲಿಕ್ಕೆ. ಸರ ಜೋತು ಕತ್ತನ್ನು ಎಳೆಯುತ್ತದೆ,
ಹದಿನಾಲ್ಕು ಗ್ರಾಂಗಿಂತ ಹೆಚ್ಚು ಭಾರ.

ಕಳೆದ ವಾರ ಲುದುವಿನ್ ಬಾಗಿಲಿಗೆ ಹೋಗಿ
ಆ ಮುನ್ನೂರು ಇರಲಿ ಬಿಡು ಎಂದೆ.
ಅವಳು ಸಂಶಯದಿಂದ ನೋಡಿದಳು.
ಹಿಂದೆ ಬರುವಾಗ ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ.
ಮೇಣದಬತ್ತಿಗೆ ಹೀಗೆ ಉರಿದಿರಲಿಲ್ಲ.

ಸದಾಶಿವಗಡದ ಕಡೆಯಿಂದ ಭರತ ತಿರುಗಿದೆ,
ಪಾದದ ಕೆಳಗೆ ಮರಳು ಜಾರುತ್ತಿದೆ.
ಬುಟ್ಟಿ ಇವತ್ತು ಅರ್ಧವೂ ಆಗಿಲ್ಲ.
ಮಾವಶಿಯ ಬಟ್ಟಲಿಗೆ ಸಾಕು.
ಕಾಯಿ ಮಾತ್ರ ಎರಡು ಸಲ ಅರೆಯಬೇಕು.